ಅಪ್ಪ ಅಮ್ಮ ಆರು ತಿಂಗಳಿಗೆ ಅಮೆರಿಕಕ್ಕೆ ಬರುವಾಗ ಯಾವ ಪ್ರೀಪೇಯ್ಡ್ ಫೋನ್ ಕೊಡಿಸಬೇಕು?

ಪ್ರಶ್ನೆ: ನಾನು ಟೆಕ್ಸಸ್‌ನ ಫ್ರಿಸ್ಕೊದಲ್ಲಿ ಇದ್ದೇನೆ. ದಾವಣಗೆರೆಯಿಂದ ಅಪ್ಪ ಅಮ್ಮ ಮೇ ತಿಂಗಳಲ್ಲಿ ಬರುತ್ತಿದ್ದಾರೆ. ಆರು ತಿಂಗಳು ಇರುತ್ತಾರೆ. ಇಬ್ಬರಿಗೂ ಫೋನ್ ಬಳಕೆ ಕಡಿಮೆ. ವಾಟ್ಸಾಪ್, ಊರಿಗೆ ಕರೆ, ವಾಕಿಂಗ್ ಹೋದಾಗ ನಮ್ಮನ್ನು ಕರೆಯಲು ಒಂದು ನಂಬರ್, ಅಷ್ಟೇ. ವಾಲ್‌ಮಾರ್ಟ್‌ನಲ್ಲಿ 40 ಡಾಲರ್‌ಗೆ ಸ್ಯಾಮ್‌ಸಂಗ್‌ನ ಒಂದು ಪ್ರೀಪೇಯ್ಡ್ ಫೋನ್ ನೋಡಿದೆ. ಡಬ್ಬದ ಮೇಲೆ ‘ನೋ ಕಾಂಟ್ರ್ಯಾಕ್ಟ್’ ಅಂತ ಇತ್ತು. ಎರಡು ತಗೊಂಡುಬಿಡಲಾ? ಇಲ್ಲ, ನಮ್ಮ ಫ್ಯಾಮಿಲಿ ಪ್ಲಾನ್‌ಗೇ ಅವರನ್ನು ಸೇರಿಸಲಾ? ವಾಪಸ್ ಹೋದ ಮೇಲೆ ಆ ಫೋನನ್ನು ಊರಿನಲ್ಲಿ ಬಳಸಬಹುದಾ?

ಉತ್ತರ: ಆ ಡಬ್ಬವನ್ನು ಸದ್ಯಕ್ಕೆ ಶೆಲ್ಫ್‌ನಲ್ಲೇ ಬಿಡಿ. ನಿಮ್ಮ ಅಪ್ಪ ಅಮ್ಮನಿಗೆ ಬೇಕಾಗಿರುವುದು ಇಲ್ಲಿನ ಸಿಮ್. ಫೋನ್ ಬಹುಶಃ ಅವರ ಕೈಯಲ್ಲೇ ಇದೆ. ಮೊದಲು ಅದನ್ನು ಪರೀಕ್ಷೆ ಮಾಡಿ. ಅದು ಇಲ್ಲಿನ ನೆಟ್‌ವರ್ಕ್‌ನಲ್ಲಿ ಸರಿಯಾಗಿ ನಡೆಯುವಂತಿದ್ದರೆ, ತಿಂಗಳಿಗೆ ಹತ್ತು ಹದಿನೈದು ಡಾಲರ್‌ನ ಪ್ರೀಪೇಯ್ಡ್ ಸಿಮ್ ಹಾಕಿಕೊಟ್ಟರೆ ಸಾಕು. ನಡೆಯದಿದ್ದರೆ ಲಾಕ್ ಇಲ್ಲದ, ಅಂದರೆ ಯಾವ ಕಂಪನಿಯ ಸಿಮ್ಮನ್ನೂ ಒಪ್ಪುವ ಫೋನ್ ಕೊಳ್ಳಿ. 40 ಡಾಲರ್‌ನ ಆ ಫೋನ್ ಮೂರನೆಯ ದಾರಿ. ಅದು ಸರಿಹೊಂದುವ ಮನೆಗಳೂ ಇವೆ, ಆಮೇಲೆ ಹೇಳುತ್ತೇನೆ.

ಏಪ್ರಿಲ್, ಮೇ ಹತ್ತಿರವಾದ ಹಾಗೆ ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತದೆ. ಬೆಲೆ ನೋಡಿ ಅಗ್ಗದ ಫೋನ್ ತಂದ ಮನೆಗಳಲ್ಲಿ ಅದು ನವೆಂಬರ್ ಹೊತ್ತಿಗೆ ಡ್ರಾಯರ್ ಸೇರಿರುತ್ತದೆ. ಯಾಕೆ ಹಾಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಂಟ್ರ್ಯಾಕ್ಟ್ ಇಲ್ಲ ಅನ್ನುವುದು ನಿಜವೇ. ಯಾವ ತಿಂಗಳು ಬೇಕಾದರೂ ರೀಚಾರ್ಜ್ ನಿಲ್ಲಿಸಬಹುದು, ಯಾರೂ ಕೇಳುವುದಿಲ್ಲ. ಆದರೆ ಫೋನ್‌ಗೆ ಲಾಕ್ ಇರುತ್ತದೆ. ಅದರ ನಿಜವಾದ ಬೆಲೆ 40 ಡಾಲರ್ ಅಲ್ಲ. ಉಳಿದ ಹಣವನ್ನು ಕಂಪನಿ ತಾನೇ ಹಾಕಿಕೊಂಡಿರುತ್ತದೆ, ನಿಮ್ಮ ರೀಚಾರ್ಜ್‌ಗಳಿಂದ ಅದನ್ನು ತುಂಬಿಕೊಳ್ಳುತ್ತದೆ. ಅದಕ್ಕೇ ಆ ಫೋನ್ ಬೇರೆ ಕಂಪನಿಯ ಸಿಮ್ ಒಪ್ಪುವುದಿಲ್ಲ. ಎಷ್ಟು ದಿನ ಬಳಸಿದ ಮೇಲೆ ಲಾಕ್ ತೆಗೆಯುತ್ತಾರೆ ಅನ್ನುವುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಅಮೆರಿಕದ ಮೊಬೈಲ್ ಕಂಪನಿಗಳು ತಾವೇ ಒಪ್ಪಿಕೊಂಡಿರುವ ನಿಯಮದ ಪ್ರಕಾರ, ಪ್ರೀಪೇಯ್ಡ್ ಫೋನ್ ಲಾಕನ್ನು ಹೆಚ್ಚೆಂದರೆ ಒಂದು ವರ್ಷದ ಒಳಗೆ ತೆಗೆದುಕೊಡಬೇಕು. 2014ರಲ್ಲಿ ಇಲ್ಲಿ ಒಂದು ಕಾನೂನು ಬಂತು. ಲಾಕ್ ತೆಗೆಸಿಕೊಳ್ಳುವುದು ತಪ್ಪಲ್ಲ ಎಂದು ಅದು ಹೇಳಿತು. ಇಷ್ಟೇ ದಿನಕ್ಕೆ ತೆಗೆಯಲೇಬೇಕು ಎಂದು ಹೇಳಲಿಲ್ಲ.

ಈಗ ನಿಮ್ಮ ಲೆಕ್ಕ ನೋಡಿ. ಬಿ2, ಅಂದರೆ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಲಾಕ್ ಒಂದು ವರ್ಷ ಇರಬಹುದು. ಅಂದರೆ ನಿಮ್ಮ ಅಪ್ಪ ದಾವಣಗೆರೆಯಲ್ಲಿ ಇಳಿದಾಗ ಅದರಲ್ಲಿ ಜಿಯೊ, ಏರ್‌ಟೆಲ್ ಯಾವುದೂ ನಡೆಯದಿರಬಹುದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದು ಅವರು ಇಲ್ಲಿರುವಾಗಲೇ ಶುರುವಾಗುತ್ತದೆ. ಲಾಕ್ ಆದ ಫೋನ್‌ನಲ್ಲಿ ಅವರ ಭಾರತದ ಸಿಮ್ ಹಾಕಲು ಆಗುವುದಿಲ್ಲ. ಹಾಗಾದರೆ ಬ್ಯಾಂಕಿನ ಒಟಿಪಿ ಎಲ್ಲಿಗೆ ಬರಬೇಕು? ಊರಿನ ಫೋನ್ ಒಂದು, ಇಲ್ಲಿನ ಫೋನ್ ಒಂದು, ಎರಡನ್ನೂ ಚಾರ್ಜ್ ಮಾಡುತ್ತಾ ಓಡಾಡಬೇಕು. ಅರವತ್ತೈದು ದಾಟಿದವರಿಗೆ ಇದು ದಿನವೂ ಕಿರಿಕಿರಿ. ಸ್ವಲ್ಪ ದಿನದಲ್ಲಿ ಒಂದನ್ನು ಮನೆಯಲ್ಲೇ ಬಿಟ್ಟು ಹೋಗಲು ಶುರು ಮಾಡುತ್ತಾರೆ. ಬಿಟ್ಟು ಹೋಗುವುದು ಹೊಸದನ್ನೇ, ಯಾಕೆಂದರೆ ಹಳೆಯದು ಅವರಿಗೆ ಅಭ್ಯಾಸ. ಆಗ ನೀವು ಯಾವ ಕಾರಣಕ್ಕೆ ಫೋನ್ ಕೊಡಿಸಿದಿರೋ ಆ ಕಾರಣವೇ ಹೋಯಿತು, ಅಲ್ವಾ?

ಹಾಗಾಗಿ ಅವರ ಹಳೆಯ ಫೋನೇ ಇಲ್ಲಿ ಕೆಲಸ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಅಕ್ಷರದ ಗಾತ್ರ, ಕನ್ನಡ ಕೀಬೋರ್ಡ್, ಯಾರ ಹೆಸರು ಎಲ್ಲಿದೆ, ವಾಟ್ಸಾಪ್ ಯಾವ ಮೂಲೆಯಲ್ಲಿದೆ, ಎಲ್ಲವೂ ಅವರ ಬೆರಳಿಗೆ ಗೊತ್ತು. ಹೊಸ ದೇಶದಲ್ಲಿ ಎಲ್ಲವೂ ಹೊಸತಾಗಿರುವಾಗ ಇದೊಂದಾದರೂ ತಮ್ಮದು ಅಂತ ಇರಲಿ.

ಆದರೆ ಭಾರತದ ಫೋನ್ ಅಮೆರಿಕದಲ್ಲಿ ನಡೆಯುತ್ತದೆಯೇ? ಇದನ್ನು ಊಹೆ ಮಾಡಬೇಡಿ. ಎರಡು ಸಂಗತಿ ಪರೀಕ್ಷೆ ಮಾಡಬೇಕು.

ಮೊದಲನೆಯದು ಬ್ಯಾಂಡ್. ಮೊಬೈಲ್ ಕಂಪನಿಗಳು ಸಿಗ್ನಲ್ ಕಳಿಸುವ ತರಂಗಗಳ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ 4ಜಿ ಹೆಚ್ಚಾಗಿ ನಡೆಯುವುದು ಬ್ಯಾಂಡ್ 3, 5, 8, 40 ಮುಂತಾದವುಗಳಲ್ಲಿ. ಅಮೆರಿಕದಲ್ಲಿ ಟಿ-ಮೊಬೈಲ್‌ಗೆ ಮುಖ್ಯವಾದವು 2, 4, 66, 12 ಮತ್ತು 71. ಎಟಿ ಆ್ಯಂಡ್ ಟಿ 2, 4, 66, 5, 12, 14ನ್ನು ಬಳಸುತ್ತದೆ. ವೆರೈಜನ್‌ಗೆ 13 ಬಹಳ ಮುಖ್ಯ. ಭಾರತದ ಮಾರುಕಟ್ಟೆಗೆಂದೇ ಮಾಡಿದ ಅಗ್ಗದ ಫೋನ್‌ಗಳಲ್ಲಿ ಇವುಗಳಲ್ಲಿ ಅರ್ಧ ಇರುವುದಿಲ್ಲ. ಹೊರಗೆ ರಸ್ತೆಯಲ್ಲಿ ಸಿಗ್ನಲ್ ಬರುತ್ತದೆ, ಅಂಗಡಿ ಒಳಗೆ ಹೋದರೆ ಮಾಯ. ಯಾಕೆಂದರೆ 12, 13, 71 ಇವು ಕಡಿಮೆ ಆವರ್ತನದ ಬ್ಯಾಂಡ್‌ಗಳು. ದೂರಕ್ಕೆ ಹೋಗುವುದೂ, ಗೋಡೆ ದಾಟಿ ಒಳಗೆ ಬರುವುದೂ ಇವೇ. ಟಿ-ಮೊಬೈಲ್ ಸಿಮ್ ಹಾಕುವುದಾದರೆ ಕನಿಷ್ಠ 2, 4 ಅಥವಾ 66, ಮತ್ತು 12 ಇರಬೇಕು. 71 ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ವೋಲ್ಟಿ, ಅಂದರೆ ಕರೆಯೂ 4ಜಿ ಮೇಲೆಯೇ ಹೋಗುವ ವ್ಯವಸ್ಥೆ. ಹಿಂದೆ ಫೋನಿನ ವೋಲ್ಟಿ ಇಲ್ಲಿನ ನೆಟ್‌ವರ್ಕ್‌ಗೆ ಹೊಂದದಿದ್ದರೂ ಕರೆ 3ಜಿ ಮೇಲೆ ಹೋಗುತ್ತಿತ್ತು. ಈಗ ಅದು ಸಾಧ್ಯವಿಲ್ಲ. ಎಟಿ ಆ್ಯಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ಮುಚ್ಚಿತು. ಟಿ-ಮೊಬೈಲ್ ಅದೇ ವರ್ಷದ ಜುಲೈನಲ್ಲಿ, ವೆರೈಜನ್ ವರ್ಷದ ಕೊನೆಯ ದಿನ ಮುಚ್ಚಿದವು. ಆಮೇಲೆ ಹೊಸ ಬಗೆಯ ತೊಂದರೆ ಕಾಣಿಸಿಕೊಂಡಿತು. ಇಂಟರ್ನೆಟ್ ನಡೆಯುತ್ತದೆ, ವಾಟ್ಸಾಪ್ ನಡೆಯುತ್ತದೆ, ಮಾಮೂಲಿ ಕರೆ ಮಾತ್ರ ಹೋಗುವುದಿಲ್ಲ. ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಎಲ್ಲರೂ ವಾಟ್ಸಾಪ್‌ನಲ್ಲೇ ಮಾತಾಡುತ್ತಾರೆ. ತುರ್ತಾಗಿ ಒಂದು ಕರೆ ಮಾಡಬೇಕಾದಾಗ ಗೊತ್ತಾಗುತ್ತದೆ.

ಈ ವಿಷಯದಲ್ಲಿ ಮೂರು ಕಂಪನಿಗಳೂ ಒಂದೇ ಥರ ಅಲ್ಲ. ಎಟಿ ಆ್ಯಂಡ್ ಟಿ ತನ್ನಲ್ಲಿ ನಡೆಯುವ ಫೋನ್‌ಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಪಟ್ಟಿಯಲ್ಲಿ ಇಲ್ಲದ ಮಾದರಿಗೆ ಬ್ಯಾಂಡ್ ಎಲ್ಲ ಸರಿ ಇದ್ದರೂ ಸೇವೆ ಸಿಗದಿರಬಹುದು. ವೆರೈಜನ್ ಕೂಡ ಫೋನಿನ ಗುರುತು ನೋಡಿಯೇ ಒಳಗೆ ಬಿಡುತ್ತದೆ. ಹೊರಗಿನ ಫೋನ್‌ಗಳಿಗೆ ಹೆಚ್ಚು ಅವಕಾಶ ಇರುವುದು ಟಿ-ಮೊಬೈಲ್‌ನಲ್ಲಿ. ಭಾರತದಿಂದ ಬರುವವರಿಗೆ ನಾನು ಮೊದಲು ಟಿ-ಮೊಬೈಲ್ ನೆಟ್‌ವರ್ಕಿನ ಸಿಮ್ ಹೇಳುವುದು ಇದೇ ಕಾರಣಕ್ಕೆ. ನಿಮ್ಮ ಫ್ರಿಸ್ಕೊ ಇರುವ ಡಲ್ಲಾಸ್ ಸುತ್ತಮುತ್ತ ಅಂತೂ ಅದು ಚೆನ್ನಾಗಿಯೇ ಇದೆ. ನೀವು ಹಳ್ಳಿಗಾಡಿನ ಕಡೆ, ದೊಡ್ಡ ಊರಿಂದ ದೂರ ಇದ್ದಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ.

ಪರೀಕ್ಷೆ ಮಾಡುವುದು ಕಷ್ಟವಲ್ಲ, ಈ ವಾರವೇ ಮಾಡಿಸಿ. ಅಪ್ಪನಿಗೆ ವಿಡಿಯೊ ಕರೆ ಮಾಡಿ *#06# ಒತ್ತಲು ಹೇಳಿ. ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ನೀವು ಕೊಳ್ಳಬೇಕೆಂದಿರುವ ಪ್ರೀಪೇಯ್ಡ್ ಕಂಪನಿಯ ಜಾಲತಾಣದಲ್ಲಿ ‘ನಿಮ್ಮ ಫೋನ್ ತನ್ನಿ’ ಅನ್ನುವ ಪುಟ ಇರುತ್ತದೆ. ಅಲ್ಲಿ ಆ ನಂಬರ್ ಹಾಕಿದರೆ ನಡೆಯುತ್ತದೋ ಇಲ್ಲವೋ ಹೇಳುತ್ತದೆ. ಅದರ ಮಾತೊಂದನ್ನೇ ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆಗೆದರೆ ಮಾದರಿಯ ಸಂಖ್ಯೆ ಇರುತ್ತದೆ. ಪೂರ್ತಿ ಸಂಖ್ಯೆ ಬೇಕು, ಬರೀ ‘ರೆಡ್ಮಿ’ ‘ವಿವೊ’ ಅಂದರೆ ಸಾಲದು, ಒಂದೇ ಹೆಸರಿನ ಫೋನ್‌ಗೆ ದೇಶಕ್ಕೊಂದು ರೂಪ ಇರುತ್ತದೆ. ಆ ಸಂಖ್ಯೆ ಇಟ್ಟುಕೊಂಡು ತಯಾರಕರ ಪುಟದಲ್ಲಿ ಎಲ್‌ಟಿಇ (4ಜಿ) ಬ್ಯಾಂಡ್‌ಗಳ ಸಾಲು ಹುಡುಕಿ, ಮೇಲೆ ಹೇಳಿದ ಅಂಕಿಗಳು ಇವೆಯಾ ನೋಡಿ.

ಇನ್ನೊಂದು ಸಣ್ಣ ವಿಷಯ. ಅವರ ಫೋನ್‌ನಲ್ಲಿ ಎರಡನೇ ಸಿಮ್‌ನ ಜಾಗ ಖಾಲಿ ಇದೆಯಾ ಕೇಳಿ. ಕೆಲವು ಫೋನ್‌ಗಳಲ್ಲಿ ಎರಡನೇ ಸಿಮ್ ಮತ್ತು ಮೆಮೊರಿ ಕಾರ್ಡ್ ಒಂದೇ ಜಾಗದಲ್ಲಿ ಕೂರುತ್ತವೆ. ಅಮ್ಮನ ಫೋಟೊಗಳೆಲ್ಲ ಆ ಕಾರ್ಡ್‌ನಲ್ಲಿದ್ದರೆ ಹೊರಡುವ ಮುಂಚೆಯೇ ಫೋನಿನ ಒಳಗೋ ಗೂಗಲ್ ಫೋಟೋಸ್‌ಗೋ ಸಾಗಿಸಿ.

ಸಿಮ್ ಯಾವುದು ಅನ್ನುವುದಕ್ಕೆ ಬರೋಣ. ಅಂಗಡಿಯಲ್ಲಿ ಹತ್ತಾರು ಹೆಸರು ಕಂಡರೂ ಹೆಚ್ಚಿನವು ನಡೆಯುವುದು ಆ ಮೂರು ನೆಟ್‌ವರ್ಕ್‌ಗಳ ಮೇಲೇ. ಟ್ರಾಕ್‌ಫೋನ್, ಸ್ಟ್ರೈಟ್ ಟಾಕ್, ಟೋಟಲ್ ವೈರ್‌ಲೆಸ್ ಈಗ ವೆರೈಜನ್ ಒಡೆತನದವು. ಟ್ರಾಕ್‌ಫೋನ್ ಕಂಪನಿಯನ್ನು ವೆರೈಜನ್ 2021ರ ನವೆಂಬರ್‌ನಲ್ಲಿ ಕೊಂಡುಕೊಂಡಿತು. ವಿಸಿಬಲ್ ಕೂಡ ವೆರೈಜನ್‌ದೇ. ಕ್ರಿಕೆಟ್ ಎಟಿ ಆ್ಯಂಡ್ ಟಿಯದು. ಮೆಟ್ರೊ ಟಿ-ಮೊಬೈಲ್‌ದು. ಮಿಂಟ್ 2024ರ ಮೇ ತಿಂಗಳಲ್ಲಿ ಟಿ-ಮೊಬೈಲ್ ಕೈಸೇರಿತು. ಟೆಲೊ ಸ್ವತಂತ್ರ ಕಂಪನಿ, ಆದರೆ ಟಿ-ಮೊಬೈಲ್ ನೆಟ್‌ವರ್ಕ್ ಬಾಡಿಗೆಗೆ ತೆಗೆದುಕೊಂಡಿದೆ. ಟವರ್‌ನಲ್ಲಿ ಜನ ಜಾಸ್ತಿ ಆದಾಗ ಇಂಥ ಅಗ್ಗದ ಪ್ಲಾನ್‌ಗಳ ಇಂಟರ್ನೆಟ್ ಸ್ವಲ್ಪ ನಿಧಾನವಾಗುತ್ತದೆ. ಫೋಟೊ ಕಳಿಸಿ ಕರೆ ಮಾಡುವವರಿಗೆ ಇದು ಗಮನಕ್ಕೂ ಬರುವುದಿಲ್ಲ.

ಎಷ್ಟು ಡೇಟಾ ಬೇಕು? ಮನೆಯಲ್ಲಿ ವೈಫೈ ಇದೆ. ದಿನದಲ್ಲಿ ಇಪ್ಪತ್ತೆರಡು ಗಂಟೆ ಅವರು ಅದರಲ್ಲೇ ಇರುತ್ತಾರೆ. ಹೊರಗೆ ಹೋಗುವುದು ಪಾರ್ಕ್‌ಗೆ, ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ, ವಾರಕ್ಕೊಮ್ಮೆ ಅಂಗಡಿಗೆ. ವಾಟ್ಸಾಪ್ ಮಾತಿನ ಕರೆಗೆ ನಿಮಿಷಕ್ಕೆ ಒಂದು ಎಂಬಿಯೂ ಬೇಕಾಗುವುದಿಲ್ಲ. ವಿಡಿಯೊ ಕರೆಗೆ ನಿಮಿಷಕ್ಕೆ ಸುಮಾರು 5 ಎಂಬಿ. ಪಾರ್ಕ್‌ನಲ್ಲಿ ಕೂತು ಇಪ್ಪತ್ತು ನಿಮಿಷ ಮೊಮ್ಮಗನನ್ನು ಊರಿನವರಿಗೆ ತೋರಿಸಿದರೂ 100 ಎಂಬಿ. ತಿಂಗಳಿಗೆ 2 ಜಿಬಿ ಧಾರಾಳವಾಗಿ ಸಾಕು. ಒಂದೇ ಒಂದು ಎಚ್ಚರ, ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ಮೊಬೈಲ್ ಡೇಟಾಗೆ ಬಂದ್ ಮಾಡಿ, ವೈಫೈಗೆ ಮಾತ್ರ ಇಡಿ. ಬೆಳಗಿನ ಶುಭೋದಯದ ವಿಡಿಯೊಗಳೇ ಅರ್ಧ ಡೇಟಾ ತಿನ್ನುತ್ತವೆ.

ಟೆಲೊದಲ್ಲಿ 2 ಜಿಬಿ ಮತ್ತು ಮಿತಿಯಿಲ್ಲದ ಕರೆಗೆ ತಿಂಗಳಿಗೆ 10 ಡಾಲರ್ ಆಸುಪಾಸು. ತಿಂಗಳು ತಿಂಗಳು ಕಟ್ಟಬಹುದು, ಬೇಕಾದಾಗ ನಿಲ್ಲಿಸಬಹುದು. ಮಿಂಟ್‌ನಲ್ಲಿ 15 ಡಾಲರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಮೂರು ತಿಂಗಳದ್ದು ಒಟ್ಟಿಗೆ ಮೊದಲೇ ಕಟ್ಟಬೇಕು. ಅದು ಹೊಸ ಗಿರಾಕಿಗೆ ಕೊಡುವ ಬೆಲೆ. ಮುಂದಿನ ಮೂರು ತಿಂಗಳಿಗೆ ಅದೇ ಬೆಲೆ ಸಿಗುತ್ತದೆ ಅಂದುಕೊಳ್ಳಬೇಡಿ. ಟ್ರಾಕ್‌ಫೋನ್‌ನ ಒಂದು ವರ್ಷದ ಕಾರ್ಡ್‌ಗಳು ತೀರಾ ಕಡಿಮೆ ಬಳಸುವವರಿಗೆ ಚೆನ್ನ, ಆದರೆ ಆರು ತಿಂಗಳಿಗೆ ಬಂದವರು ವರ್ಷದ ಹಣ ಯಾಕೆ ಕಟ್ಟಬೇಕು? ಕೊಳ್ಳುವ ದಿನ ಬೆಲೆ ಇನ್ನೊಮ್ಮೆ ನೋಡಿ, ಇವು ಬದಲಾಗುತ್ತಲೇ ಇರುತ್ತವೆ. ಮೇಲೆ ತೆರಿಗೆ, ತುರ್ತು ಸೇವೆಯ 911 ಶುಲ್ಕ ಸೇರುತ್ತವೆ. ವಿಸಿಬಲ್‌ನಂಥ ಕೆಲವರು ತೆರಿಗೆಯನ್ನು ಬೆಲೆಯಲ್ಲೇ ಸೇರಿಸಿ ಹೇಳುವುದುಂಟು. ಹೋಲಿಸುವಾಗ ಅದನ್ನು ಗಮನಿಸಿ.

ಊರಿನಲ್ಲಿ ಸಿಮ್ ಕೊಳ್ಳಲು ಗುರುತಿನ ದಾಖಲೆ, ಫೋಟೊ ಎಲ್ಲ ಬೇಕು. ಇಲ್ಲಿ ಪ್ರೀಪೇಯ್ಡ್‌ಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಡ, ಕ್ರೆಡಿಟ್ ತಪಾಸಣೆ ಇಲ್ಲ. ನಿಮ್ಮ ಹೆಸರಿನಲ್ಲೇ ಖಾತೆ ತೆರೆದು ನಿಮ್ಮ ಕಾರ್ಡ್‌ನಿಂದ ಹಣ ಕಟ್ಟಿ. ಅಪ್ಪ ಅಮ್ಮನ ಫೋನ್‌ನಲ್ಲಿ ಇಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನ್ ಒಳಗೇ ನಡೆಯುವ ಸಿಮ್, ಇಲ್ಲದಿರುವ ಸಾಧ್ಯತೆ ಇದೆ. ಹಾಗಾಗಿ ಕೈಗೆ ಸಿಗುವ ಸಿಮ್ ಕಾರ್ಡನ್ನೇ ತರಿಸಿಟ್ಟುಕೊಳ್ಳಿ. ಆ್ಯಕ್ಟಿವೇಟ್ ಮಾಡುವುದು ಮಾತ್ರ ಅವರು ಬಂದ ದಿನ.

ನಿಮ್ಮ ಮನೆಯಲ್ಲಿ ಸಿಗ್ನಲ್ ಹೇಗಿದೆ ಅಂತ ಅವರು ಬರುವ ಮುಂಚೆಯೇ ನೀವು ನೋಡಬಹುದು. ಟಿ-ಮೊಬೈಲ್, ವಿಸಿಬಲ್‌ನಂಥ ಕೆಲವು ಕಂಪನಿಗಳು ಇಸಿಮ್ ಮೂಲಕ ಕೆಲವು ದಿನ ಪುಕ್ಕಟೆ ಪರೀಕ್ಷೆಗೆ ಬಿಡುತ್ತವೆ. ನಿಮ್ಮದೇ ಫೋನ್‌ಗೆ ಹಾಕಿಕೊಂಡು ಅವರು ನಡೆಯುವ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ನಿಮ್ಮ ಫೋನ್‌ನಲ್ಲಿ ಬ್ಯಾಂಡ್ ಜಾಸ್ತಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ನಿಮಗೇ ಎರಡು ಕಡ್ಡಿ ಬಂದರೆ ಅವರಿಗೆ ಅದಕ್ಕಿಂತ ಕಡಿಮೆ.

ಫ್ಯಾಮಿಲಿ ಪ್ಲಾನ್ ಬಗ್ಗೆ ಕೇಳಿದ್ದಿರಿ. ಬೇಡ ಅಂತ ನನ್ನ ಸಲಹೆ. ಪೋಸ್ಟ್‌ಪೇಯ್ಡ್‌ನಲ್ಲಿ ಒಂದು ಹೆಚ್ಚಿನ ಲೈನ್‌ಗೆ ಸಾಮಾನ್ಯವಾಗಿ ತಿಂಗಳಿಗೆ 10 ಡಾಲರ್‌ಗಿಂತ ಜಾಸ್ತಿಯೇ ಆಗುತ್ತದೆ. ಅಂಗಡಿಯವರು ಲೈನ್ ಜೊತೆ ‘ಪುಕ್ಕಟೆ’ ಫೋನ್ ಕೊಡುತ್ತೇವೆ ಅನ್ನಬಹುದು. ಆ ಪುಕ್ಕಟೆ ಬರುವುದು 24 ಅಥವಾ 36 ತಿಂಗಳ ಬಿಲ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳೆದು. ಆರು ತಿಂಗಳಿಗೆ ಲೈನ್ ನಿಲ್ಲಿಸಿದರೆ ಫೋನಿನ ಉಳಿದ ಹಣವನ್ನು ನೀವೇ ಕಟ್ಟಬೇಕು. ಈಗಾಗಲೇ ನಿಮ್ಮ ಪ್ಲಾನ್‌ನಲ್ಲಿ ಹಣ ಕಟ್ಟದೆ ಇರುವ ಖಾಲಿ ಲೈನ್ ಇದ್ದರೆ ಮಾತ್ರ ಅದನ್ನು ಬಳಸಿ.

ಇನ್ನು ಭಾರತದ ನಂಬರ್. ಅರ್ಧದಷ್ಟು ಮನೆಗಳಲ್ಲಿ ತೊಂದರೆ ಆಗುವುದೇ ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಆ ನಂಬರ್‌ಗಳು ಆರು ತಿಂಗಳೂ ಜೀವಂತ ಇರಬೇಕು. ಪಿಂಚಣಿ ಬರುವ ಬ್ಯಾಂಕ್, ಗ್ಯಾಸ್, ಆಧಾರ್ ಎಲ್ಲ ಅದಕ್ಕೇ ಕಟ್ಟಿಕೊಂಡಿವೆ. ಪ್ರೀಪೇಯ್ಡ್ ಸಿಮ್ 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿದ್ದರೆ, ಭಾರತದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಕಂಪನಿ ಅದನ್ನು ಕಡಿದುಹಾಕಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಅದನ್ನು ನಂಬಿ ಕೂರಬೇಡಿ. ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಮಾಡಿದ ತಿದ್ದುಪಡಿಯ ನಂತರ, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ರೀಚಾರ್ಜ್‌ಗಳು ಬಂದಿವೆ. 84 ದಿನದ್ದೂ ಇದೆ, ವರ್ಷದ ಹತ್ತಿರ ಬರುವಂಥದ್ದೂ ಇದೆ. ಬರುವ ಮುಂಚೆ ಉದ್ದನೆಯದನ್ನು ಹಾಕಿಸಿ. ಜೊತೆಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಬೇಕು. ಇದನ್ನು ಭಾರತದಲ್ಲಿ ಇರುವಾಗಲೇ ಮಾಡಿಸುವುದು ಸುಲಭ. ಚಾಲೂ ಇದ್ದರೆ ಇಲ್ಲಿಗೂ ಒಟಿಪಿ ಬರುತ್ತದೆ, ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣ ಇಲ್ಲ. ಆದರೆ ಕರೆ ಬಂದಾಗ ಎತ್ತಿದರೆ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ. ಟೆಕ್ಸಸ್‌ಗೂ ಊರಿಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಅಂತರ. ಅಲ್ಲಿನ ಸಾಲದ ಕಂಪನಿಗಳ ಕರೆ ಇಲ್ಲಿ ನಡುರಾತ್ರಿ ಬಡಿದುಕೊಳ್ಳುತ್ತದೆ. ನಿದ್ದೆಗಣ್ಣಲ್ಲಿ ಎತ್ತಿಬಿಡುತ್ತಾರೆ. ಹಾಗಾಗಿ ರಾತ್ರಿ ಫೋನ್ ಸದ್ದಿಲ್ಲದೆ ಇರುವಂತೆ ಹೊಂದಿಸಿ, ಮನೆಯವರ ನಂಬರ್‌ಗಳಿಗೆ ಮಾತ್ರ ಸದ್ದು ಬಿಡಿ.

ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್ ಎರಡನ್ನೂ ಭಾರತದಲ್ಲಿ ಇರುವಾಗಲೇ, ಇಲ್ಲಿಗೆ ತರುವ ಫೋನ್‌ನಲ್ಲೇ ನೋಂದಾಯಿಸಿರಬೇಕು. ಅವು ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ ಗುರುತು ಹಿಡಿಯುತ್ತವೆ. ರೋಮಿಂಗ್‌ನಲ್ಲಿ ಆ ಎಸ್‌ಎಂಎಸ್ ಹೋಗದೆ ಒದ್ದಾಡಿದವರು ಬಹಳ ಜನ. ಹೊಸ ಫೋನ್ ಕೊಡಿಸುವುದಿದ್ದರೆ ಪ್ರಯಾಣದ ಮುಂಚೆ ಕೊಡಿಸುವುದು ಒಳ್ಳೆಯದು ಅನ್ನುವುದೂ ಇದಕ್ಕೇ.

ವಾಟ್ಸಾಪ್ ಹಳೆಯ ಭಾರತದ ನಂಬರಿನಲ್ಲೇ ಇರಲಿ. ಅಮೆರಿಕದ ಸಿಮ್ ಹಾಕಿದಾಗ ನಂಬರ್ ಬದಲಿಸಬೇಕೇ ಅಂತ ಆ್ಯಪ್ ಕೇಳಬಹುದು, ಬೇಡ ಅನ್ನಿ. ಭಾರತದ ಸಿಮ್ ಕೂಡ ಫೋನ್‌ನಲ್ಲೇ ಕೂತಿರಲಿ. ವಾಟ್ಸಾಪ್‌ನಂಥ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನ್ ಒಳಗಿದ್ದರೆ ಮಾತ್ರ ನಡೆಯಬೇಕು ಎಂದು ಭಾರತದ ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದೆ. ಸಿಮ್ ತೆಗೆದು ಪರ್ಸ್‌ನಲ್ಲಿ ಇಡುವ ಹಳೆಯ ಅಭ್ಯಾಸ ಇನ್ನು ಬೇಡ.

ಫೋನ್‌ಗೆ ಎರಡೂ ಸಿಮ್ ಹಾಕಿದ ಕೂಡಲೇ ಮೂರು ಸೆಟ್ಟಿಂಗ್ ನೀವೇ ಮಾಡಿಕೊಡಿ. ಮೊಬೈಲ್ ಡೇಟಾ ಅಮೆರಿಕದ ಸಿಮ್‌ನಿಂದ. ಹೊರಹೋಗುವ ಕರೆ ಅಮೆರಿಕದ ಸಿಮ್‌ನಿಂದ. ಭಾರತದ ಸಿಮ್‌ನ ಡೇಟಾ ರೋಮಿಂಗ್ ಬಂದ್. ಇದನ್ನು ವಿಮಾನ ನಿಲ್ದಾಣದ ಕಾರ್ ಪಾರ್ಕಿಂಗ್‌ನಲ್ಲೇ ಮುಗಿಸಿ, ಮನೆಗೆ ಬಂದ ಮೇಲೆ ಅಂದರೆ ಮರೆತುಹೋಗುತ್ತದೆ.

ವಾಟ್ಸಾಪ್ ಇಲ್ಲದ ದೊಡ್ಡಮ್ಮನೋ ಅತ್ತೆಯೋ ಊರಿನಲ್ಲಿ ಇದ್ದೇ ಇರುತ್ತಾರೆ, ಬಟನ್ ಫೋನ್ ಇಟ್ಟುಕೊಂಡು. ಅವರಿಗೆ ಕರೆ ಮಾಡಲು ಗೂಗಲ್ ವಾಯ್ಸ್‌ನಂಥ ಸೇವೆ ಸಾಕು, ಭಾರತಕ್ಕೆ ದರ ತೀರಾ ಕಡಿಮೆ. ದಿನವೂ ಹಾಗೆ ಮಾತಾಡುವವರಾದರೆ ಭಾರತಕ್ಕೆ ಕರೆ ಸೇರಿರುವ ಪ್ಲಾನ್ ಆರಿಸಿ. ಲೈಕಾಮೊಬೈಲ್‌ನಂಥ ಬ್ರ್ಯಾಂಡ್‌ಗಳು ನಮ್ಮವರಲ್ಲಿ ಓಡುವುದು ಇದೇ ಕಾರಣಕ್ಕೆ.

ಸರಿ, ಪರೀಕ್ಷೆ ಮಾಡಿದಿರಿ, ಅಪ್ಪನ ಫೋನ್ ಪಾಸ್ ಆಗಲಿಲ್ಲ ಅಂದುಕೊಳ್ಳಿ. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಮನೆಯ ಡ್ರಾಯರ್ ತೆಗೆದು ನೋಡಿ. ನೀವು ಎರಡು ಮೂರು ವರ್ಷದ ಹಿಂದೆ ಬಿಟ್ಟ ಫೋನ್ ಅಲ್ಲಿರಬಹುದು. ಅದರ ಕಂತು ತೀರಿದ್ದರೆ ಕಂಪನಿಗೆ ಹೇಳಿ ಲಾಕ್ ತೆಗೆಸಿ. ಐಫೋನ್ ಆದರೆ 2018ರ ಎಕ್ಸ್ಎಸ್, ಎಕ್ಸ್ಆರ್‌ನಿಂದ 13ರ ಸರಣಿಯವರೆಗಿನವು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಭಾರತದ ಸಿಮ್‌ಗೆ ಜಾಗವೂ ಇದೆ, ಅಮೆರಿಕದ ಇಸಿಮ್ ಕೂಡ ಸೇರುತ್ತದೆ. ಅಮೆರಿಕದಲ್ಲಿ ಕೊಂಡ ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ ಸಿಮ್ ಹಾಕುವ ತಟ್ಟೆಯೇ ಇಲ್ಲ. ಅದನ್ನು ಕೊಡುವುದಾದರೆ ಅಪ್ಪ ಊರಿನಲ್ಲಿ ಇರುವಾಗಲೇ ತಮ್ಮ ಸಿಮ್ಮನ್ನು ಇಸಿಮ್‌ಗೆ ಬದಲಿಸುವ ಏರ್ಪಾಡು ಮಾಡಿಕೊಳ್ಳಬೇಕು. ಇಷ್ಟು ವರ್ಷ ಆಂಡ್ರಾಯ್ಡ್ ಬಳಸಿದವರಿಗೆ ಐಫೋನ್ ಕೊಡುವ ಮುಂಚೆ ಯೋಚಿಸಿ. ಪುಕ್ಕಟೆ ಸಿಕ್ಕಿತು ಅನ್ನುವುದೊಂದೇ ಕಾರಣ ಸಾಲದು.

ಕೊಳ್ಳಲೇಬೇಕಾದರೆ ಲಾಕ್ ಇಲ್ಲದ, 200 ಡಾಲರ್ ಸುತ್ತಮುತ್ತಲಿನ ಆಂಡ್ರಾಯ್ಡ್ ಸಾಕು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಇಲ್ಲಿ 2025ರ ಆರಂಭದಲ್ಲಿ ಆ ಬೆಲೆಗೇ ಬಂತು. ಅದಕ್ಕೆ ಆರು ವರ್ಷ ಅಪ್‌ಡೇಟ್ ಕೊಡುವ ಮಾತು ಸ್ಯಾಮ್‌ಸಂಗ್ ಕೊಟ್ಟಿದೆ. ಕಡಿಮೆ ಬಳಸುವವರು ಫೋನನ್ನು ಐದಾರು ವರ್ಷ ಇಟ್ಟುಕೊಳ್ಳುತ್ತಾರೆ, ಅವರಿಗೆ ಕ್ಯಾಮೆರಾಗಿಂತ ಇದು ಮುಖ್ಯ. ಯಾವ ಮಾದರಿಯಾದರೂ ರ‍್ಯಾಮ್ 4 ಜಿಬಿಗಿಂತ ಕಡಿಮೆ ಬೇಡ, ಜಾಗ 128 ಜಿಬಿ ಇರಲಿ. 32 ಜಿಬಿಯ ಫೋನ್‌ಗಳನ್ನು ವಾಟ್ಸಾಪ್ ಒಂದೇ ತುಂಬಿಸಿಬಿಡುತ್ತದೆ. ಎರಡು ಸಿಮ್ ಅಥವಾ ಸಿಮ್ ಜೊತೆ ಇಸಿಮ್ ಇದೆಯಾ ನೋಡಿ. ಜೊತೆಗೆ ಈಗ ಪರೀಕ್ಷೆ ತಿರುಗಿಸಬೇಕು. ಭಾರತದ ಬ್ಯಾಂಡ್ 3, 5, 8, 40 ಇವೆಯಾ ನೋಡಿಕೊಳ್ಳಿ, ಯಾಕೆಂದರೆ ಈ ಫೋನ್ ಊರಿಗೆ ಹೋಗುತ್ತದೆ. ಗೂಗಲ್‌ನ ಕೀಬೋರ್ಡ್ ಆದ ಜೀಬೋರ್ಡ್ ಹಾಕಿ ಕನ್ನಡದಲ್ಲಿ ಮಾತಾಡಿ ಬರೆಯುವುದನ್ನು ತೋರಿಸಿಕೊಡಿ. ಅಮ್ಮನಿಗೆ ಅದು ಟೈಪ್ ಮಾಡುವುದಕ್ಕಿಂತ ಬೇಗ ಒಗ್ಗುತ್ತದೆ. ಚಾರ್ಜರ್ ಬಗ್ಗೆ ಚಿಂತೆ ಬೇಡ, 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಎರಡೂ ದೇಶದಲ್ಲಿ ನಡೆಯುತ್ತದೆ, ಪ್ಲಗ್‌ನ ಆಕಾರಕ್ಕೆ ಅಡಾಪ್ಟರ್ ಸಾಕು.

ಹಾಗಾದರೆ 40 ಡಾಲರ್‌ನ ಲಾಕ್ ಆದ ಫೋನ್ ಯಾರಿಗೆ? ಇಲ್ಲೇ ನೆಲೆಸಿರುವ, ಭಾರತದ ನಂಬರ್ ಬೇಡದ, ದಿನಕ್ಕೆ ಎರಡು ಕರೆ ಮಾಡುವವರಿಗೆ ಅದು ಒಳ್ಳೆಯ ಫೋನೇ. ಗ್ರೀನ್ ಕಾರ್ಡ್‌ನಲ್ಲಿರುವ ತಾಯಿಗೆ, ಕಾರ್‌ನಲ್ಲಿ ತುರ್ತಿಗೆ ಇಡಲು, ಮೊದಲ ಫೋನ್ ಕೇಳುವ ಮಗುವಿಗೆ ಕೊಡಬಹುದು. ವರ್ಷ ವರ್ಷ ಬಂದು ಹೋಗುವವರಿಗೂ ಇಲ್ಲಿಯೇ ಇಡುವ ಒಂದು ಫೋನ್ ಬೇಕು ಅನ್ನಿಸಿದರೆ ಸರಿ. ಒಂದು ವಿಷಯ ನೋಡಿಕೊಳ್ಳಿ. ಅಂಗಡಿಯಲ್ಲಿ ಎರಡು ಮೂರು ವರ್ಷ ಹಳೆಯ ಮಾದರಿಗಳೂ ಹೊಸ ಡಬ್ಬದಲ್ಲಿ ಕೂತಿರುತ್ತವೆ. ಅದರ ಅಪ್‌ಡೇಟ್ ಇನ್ನೆಷ್ಟು ದಿನ ಬರುತ್ತದೆ ಅಂತ ಮಾದರಿಯ ಹೆಸರು ಹಾಕಿ ಹುಡುಕಿ, ಆಮೇಲೆ ಕೊಳ್ಳಿ.

ತುರ್ತಿನ ಮಾತು ಬಂತು. ಊರಿನಲ್ಲಿ 112, 108 ಅಂತ ಅಭ್ಯಾಸ. ಇಲ್ಲಿ 911. ಇದನ್ನು ಬಾಯಿಪಾಠ ಮಾಡಿಸಿ. ಪ್ಲಾನ್ ಮುಗಿದ ಫೋನ್‌ನಿಂದಲೂ 911ಗೆ ಕರೆ ಹೋಗುವಂತೆ ಮಾಡಬೇಕು ಎಂಬ ನಿಯಮ ಇಲ್ಲಿದೆ. ಆದರೆ ಕರೆ ತುಂಡಾದರೆ 911ನವರು ತಿರುಗಿ ಕರೆಯಲು ಆಗುವುದಿಲ್ಲ. ಫೋನ್‌ನಲ್ಲಿ ವೈಫೈ ಕಾಲಿಂಗ್ ಇದ್ದರೆ ಹಾಕಿ, ಮನೆಯ ಒಳಗೆ ಸಿಗ್ನಲ್ ಕಡಿಮೆ ಇದ್ದರೂ ಕರೆ ನಡೆಯುತ್ತದೆ. ಅದು ತುರ್ತು ವಿಳಾಸ ಕೇಳುತ್ತದೆ, ಮನೆಯ ವಿಳಾಸ ಸರಿಯಾಗಿ ತುಂಬಿ. ಅವರ ಪರ್ಸ್‌ನಲ್ಲಿ ಒಂದು ಚೀಟಿಯನ್ನೂ ಇಡಿ, ಮನೆ ವಿಳಾಸ, ನಿಮ್ಮ ನಂಬರ್, ವಿಮೆಯ ವಿವರ ಬರೆದು. ಫೋನ್ ಚಾರ್ಜ್ ಮುಗಿದ ದಿನ ಅದು ಬೇಕಾಗುತ್ತದೆ.

ಅವರಿಗೆ ಸಿಗುವ ಅಮೆರಿಕದ ನಂಬರ್ ಹಿಂದೆ ಬೇರೆ ಯಾರದೋ ಆಗಿದ್ದಿರಬಹುದು. ಆ ಹಳೆಯವರ ಸಾಲ ಕೇಳಿಕೊಂಡು ಕರೆಗಳು ಬರಬಹುದು. ತೆರಿಗೆ ಇಲಾಖೆಯಿಂದ, ಪೊಲೀಸರಿಂದ ಅಂತ ಹೆದರಿಸುವ ಮೋಸದ ಕರೆಗಳೂ ಇಲ್ಲಿ ಬಹಳ. ಹೆಸರು ಕಾಣದ ಕರೆಯನ್ನು ಎತ್ತುವುದೇ ಬೇಡ ಅಂತ ಹೇಳಿ. ಸೆಟ್ಟಿಂಗ್ಸ್‌ನಲ್ಲೂ ಗೊತ್ತಿಲ್ಲದ ಕರೆಗಳನ್ನು ತಡೆಯಿರಿ. ವೀಸಾ, ಪಾಸ್‌ಪೋರ್ಟ್ ಅಂದ ಕೂಡಲೇ ಹಿರಿಯರು ಗಾಬರಿಯಾಗುತ್ತಾರೆ. ಆ ಗಾಬರಿಯನ್ನೇ ಮೋಸಗಾರರು ಹಣ ಮಾಡಿಕೊಳ್ಳುತ್ತಾರೆ. ಇಂಥ ಕರೆ ಬಂದರೆ ಮೊದಲು ನಿಮಗೇ ಹೇಳಬೇಕು ಅಂತ ಬಂದ ವಾರದಲ್ಲೇ ಕೂರಿಸಿಕೊಂಡು ಮಾತಾಡಿ.

ಕೊನೆಗೆ, ಅವರು ಹೊರಡುವ ವಾರ ಆಟೊ ರಿನ್ಯೂವಲ್ ನಿಲ್ಲಿಸಿ. ಇಲ್ಲದಿದ್ದರೆ ನಿಮ್ಮ ಕಾರ್ಡ್‌ನಿಂದ ಹಣ ಹೋಗುತ್ತಲೇ ಇರುತ್ತದೆ. ಪ್ಲಾನ್ ಮುಗಿದ ಮೇಲೆ ನಂಬರ್ ಹೋಗುತ್ತದೆ, ಹೋಗಲಿ ಬಿಡಿ, ಮುಂದಿನ ಸಲ ಹೊಸದು ಸಿಗುತ್ತದೆ. ಇಲ್ಲಿನ ಯಾವುದಾದರೂ ಆಸ್ಪತ್ರೆ, ಬ್ಯಾಂಕ್ ಅಥವಾ ವಿಮೆಗೆ ಆ ನಂಬರ್ ಕೊಟ್ಟಿದ್ದರೆ ಮಾತ್ರ ಅದನ್ನು ನಿಮ್ಮ ನಂಬರಿಗೆ ಮೊದಲೇ ಬದಲಿಸಿ. ಲಾಕ್ ಇಲ್ಲದ ಫೋನ್ ಕೊಡಿಸಿದ್ದರೆ ಅದು ಅವರ ಜೊತೆ ಹೋಗುತ್ತದೆ. ಹೊರಡುವ ಮುಂಚೆ ಮೊಬೈಲ್ ಡೇಟಾ ಮತ್ತು ಕರೆ ಎರಡನ್ನೂ ಭಾರತದ ಸಿಮ್‌ಗೆ ತಿರುಗಿಸಿಕೊಡಿ. ಬೆಂಗಳೂರಿನಲ್ಲಿ ಇಳಿದ ಕೂಡಲೇ ಅವರೇ ಕರೆ ಮಾಡುತ್ತಾರೆ.